ಹೆಬ್ಬೆರಳಗಲದ ಪರದೆಯಲ್ಲಿ ನನ್ನ ಮದುವೆ

ಕಳೆದ ವಾರ ಕೆ.ಆರ್. ಪುರದಲ್ಲಿ ಒಂದು ಮದುವೆಗೆ ಹೋಗಬೇಕಿತ್ತು. ಇಂದಿರಾನಗರದಲ್ಲಿ ಮೆಟ್ರೋ ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ಯಾರೋ ಕಳಿಸಿದ ವಿಡಿಯೋವನ್ನು ಫೋನಿನಲ್ಲಿ ಒತ್ತಿದಳು. ಈ ಫೈಲನ್ನು ತೆರೆಯಲಾಗುವುದಿಲ್ಲ ಎಂಬ ಒಂದು ಸಾಲು ಬಂತು. ಹುಡುಗಿ “ಛೆ” ಎಂದವಳೇ ಅದನ್ನು ಅಳಿಸಿ ಇನ್ನೊಂದನ್ನು ನೋಡತೊಡಗಿದಳು. ಮೂರು ಸೆಕೆಂಡಿನಲ್ಲಿ ಅವಳ ಪಾಲಿಗೆ ವಿಷಯ ಮುಗಿಯಿತು. ನನಗೆ ಮಾತ್ರ ಆ ಸಾಲನ್ನು ಕಂಡು ಸಂತೆಯಲ್ಲಿ ಹಳೆಯ ನೆರೆಯವರು ಸಿಕ್ಕಷ್ಟು ಸಂತೋಷವಾಯಿತು. ನಗಬೇಡಿ. ಇಂಥದೇ ಒಂದು ಸಾಲಿನ ಜೊತೆ ನಮ್ಮಪ್ಪ ಒಂದು ಕಾಲದಲ್ಲಿ ದಿನಗಟ್ಟಲೆ ಜಗಳವಾಡಿದ್ದರು. ಅದು ನನ್ನ ಮದುವೆಯ ಕಥೆ ಕೂಡ ಹೌದು.

ಎಲ್ಲರ ಕೈಯಲ್ಲೂ ವಿಡಿಯೋ ನೋಡುವ ಫೋನು ಇನ್ನೂ ಬಂದಿರದ ಕಾಲ ಅದು. ನಾವು ಜೀವನ್ ಬಿಮಾ ನಗರದಲ್ಲಿದ್ದೆವು. ಅಪ್ಪ ವಿಮಾನ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾಗಿದ್ದರು. ಬೇರೆಯವರು ಮಾಡಿದ ಬೋಲ್ಟು, ನಟ್ಟು, ಬುಷ್ಷುಗಳನ್ನು ಅಳೆದು ಸರಿ ಅಥವಾ ತಪ್ಪು ಎಂದು ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಅಳೆಯಲು ಏನೂ ಸಿಗದೆ ಅಮ್ಮನ ದೋಸೆಗಳ ಮೇಲೆ ಕಣ್ಣು ಹಾಕಿದ್ದರು. “ಇವತ್ತು ಒಂದು ಕಡೆ ದಪ್ಪ ಬಂದಿದೆ ಕಣೇ” ಎನ್ನುವರು. “ತಿಂದ್ರೆ ಎರಡೂ ಕಡೆ ಒಂದೇ ಆಗುತ್ತೆ” ಎನ್ನುವಳು ಅಮ್ಮ.

ನಮ್ಮ ಮನೆಯಲ್ಲಿ ಇನ್ನೊಬ್ಬರಿದ್ದರು, ಪದ್ಮತ್ತೆ. ಅಪ್ಪನಿಗಿಂತ ಹತ್ತು ವರ್ಷ ದೊಡ್ಡವರಾದ ಅಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ಅಪ್ಪನನ್ನು ಎತ್ತಿ ಆಡಿಸಿ, ಹೊಡೆದು, ಓದಿಸಿದವರು ಅವರೇ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು ಅಲ್ಲಿಯೇ ಯಜಮಾನಿಯಾಗಿ ಉಳಿದರು. ಬಡಾವಣೆಯಲ್ಲಿ ಅವರ ಹೆಸರು ಹಾಡಿನಿಂದ. ಹಸೆಗೆ ಕರೆಯುವ ಹಾಡು, ಧಾರೆಯ ಹಾಡು, ಆರತಿ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ಯಾವುದು ಬೇಕಾದರೂ ಅವರ ನಾಲಗೆಯ ತುದಿಯಲ್ಲಿತ್ತು. ಒಂದನ್ನೂ ಬರೆದಿಟ್ಟಿರಲಿಲ್ಲ. “ಕಲ್ತ್ಕೊಳ್ಳೇ ಪುಟ್ಟಿ” ಎಂದು ನನ್ನನ್ನು ಎಷ್ಟು ಸಲ ಕೂರಿಸಿಕೊಂಡಿದ್ದರೋ. “ಆಮೇಲೆ ಅತ್ತೆ” ಎಂದು ಅಷ್ಟೇ ಸಲ ಎದ್ದು ಹೋಗಿದ್ದೆ. ನನ್ನ ಕಂಠದ ವಿಚಾರ ನಿಮಗೆ ಗೊತ್ತಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ಮೇಷ್ಟ್ರು ನನಗೆ ಬರೀ ತುಟಿ ಆಡಿಸಲು ಹೇಳಿದ್ದರು.

ನನ್ನ ಮದುವೆಗೆ ಎಂಟು ದಿನ ಇತ್ತು. ಅಟ್ಟದ ಮೇಲಿದ್ದ ಬೆಳ್ಳಿಯ ಆರತಿ ತಟ್ಟೆ ತೆಗೆಯಲು ಪದ್ಮತ್ತೆ ಸ್ಟೂಲು ಹತ್ತಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಸಕ್ಕರೆ ಕಾಯಿಲೆ ಇದ್ದುದರಿಂದ ಆಪರೇಷನ್ ಬೇಡವೆಂದು ಹಲಸೂರಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಅವರ ಕಾಲಿಗೆ ತೂಕ ಕಟ್ಟಿ ಎಳೆದು ಮಲಗಿಸಿದರು. ಎಂಟು ವಾರ ಹೀಗೇ ಅಂಗಾತ ಇರಬೇಕು ಎಂದರು ಡಾಕ್ಟರು. ಅಪ್ಪ ಮದುವೆಯನ್ನು ಮುಂದೂಡುವ ಮಾತೆತ್ತಿದಾಗ ಪದ್ಮತ್ತೆ ಮಲಗಿದಲ್ಲಿಂದಲೇ ಗದರಿದರು.

“ಮುಹೂರ್ತ ಏನು ನನ್ನ ಕಾಲು ನೋಡ್ಕೊಂಡು ಇಟ್ಟಿದ್ದೇನೋ ಮೂರ್ತಿ? ಹೋಗಿ ಮದುವೆ ಮಾಡು. ವಿಡಿಯೋ ತೆಗಿಸು, ಆಮೇಲೆ ನೋಡ್ತೀನಿ.”

ಮದುವೆ ಆಯಿತು. ಧಾರೆಯ ಹೊತ್ತಿಗೆ ಪುರೋಹಿತರು ತಲೆ ಎತ್ತಿ “ಹೆಂಗಸ್ರು ಯಾರಾದ್ರೂ ಹಾಡ್ರಮ್ಮ” ಎಂದರು. ನಮ್ಮ ಕಡೆಯ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪದ್ಮಮ್ಮ ಇದ್ದಾರಲ್ಲ ಎಂದು ಇಷ್ಟು ವರ್ಷ ಯಾರೂ ಏನೂ ಕಲಿತಿರಲಿಲ್ಲ. ಚಿಕ್ಕಮ್ಮನೊಬ್ಬಳು ಒಂದು ಸಾಲು ಶುರುಮಾಡಿ, ಎರಡನೆಯ ಸಾಲು ಮರೆತು ಕೆಮ್ಮಿದಳು. ಗಂಡಿನ ತಾಯಿ ಪಕ್ಕದಲ್ಲಿದ್ದವರಿಗೆ, “ಒಂದು ಹಾಡೂ ಇಲ್ದೆ ಧಾರೆ ಎರೀತಿದಾರಲ್ಲ” ಎಂದದ್ದು ಅಪ್ಪನ ಕಿವಿಗೆ ಬಿತ್ತು. ನನಗೂ ಕೇಳಿಸಿತು. ಅಪ್ಪ ತಲೆ ತಗ್ಗಿಸಿ ಧಾರೆಯ ಚೊಂಬೆತ್ತಿದರು. ಗಂಡಿನ ತಾಯಿಯನ್ನು ಇನ್ನು ಮುಂದೆ ಹೊಸ ಅತ್ತೆ ಎನ್ನುತ್ತೇನೆ. ಇಲ್ಲದಿದ್ದರೆ ಎರಡು ಅತ್ತೆಯರ ನಡುವೆ ನೀವೂ ನನ್ನಂತೆ ಸಿಕ್ಕಿಬೀಳುತ್ತೀರಿ.

ಉಡುಗೊರೆಗಳಲ್ಲಿ ಐದು ಗೋಡೆ ಗಡಿಯಾರ, ನಾಲ್ಕು ಡಿನ್ನರ್ ಸೆಟ್ಟು, ಮತ್ತು ಆಫೀಸಿನ ಗೆಳತಿಯರು ಸೇರಿ ಕೊಟ್ಟ ಒಂದು ಎಂಪಿ ಫೋರ್ ಪ್ಲೇಯರ್ ಇತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಹೆಬ್ಬೆರಳಗಲದ ಪರದೆ. ಹಾಡು ಕೇಳಬಹುದು, ವಿಡಿಯೋ ನೋಡಬಹುದು ಎಂದು ಡಬ್ಬದ ಮೇಲೆ ಬರೆದಿತ್ತು. ನಾನು ಅದನ್ನು ಬೀರುವಿನಲ್ಲಿ ಇಟ್ಟು ಮರೆತಿದ್ದೆ. ನೆನಪಿಸಿದವರು ಅಪ್ಪ.

ಮದುವೆಯ ಡಿವಿಡಿ ಬಂದ ದಿನ ಅವರು ಆಸ್ಪತ್ರೆಯಿಂದ ಮಂಕಾಗಿ ಹಿಂದಿರುಗಿದ್ದರು. ವಾರ್ಡಿನಲ್ಲಿ ಟಿವಿ ಇರಲಿಲ್ಲ. ಇದ್ದಿದ್ದರೂ ಅಂಗಾತ ಮಲಗಿದವರಿಗೆ ಕಾಣುವುದು ಫ್ಯಾನು ಮಾತ್ರ. ಲ್ಯಾಪ್‌ಟಾಪ್ ಎಂಬುದು ನಮ್ಮ ಬಳಗದಲ್ಲಿ ಯಾರಲ್ಲೂ ಇರಲಿಲ್ಲ. ತವರಿಗೆ ಬಂದಿದ್ದ ನನ್ನನ್ನು ಕೂಗಿ, “ಆ ಸಣ್ಣ ಡಬ್ಬಿ ಎಲ್ಲಿಟ್ಟೆ? ಅದನ್ನ ಮುಖದ ಮೇಲೆ ಹಿಡ್ಕೊಂಡು ನೋಡಬಹುದಲ್ವಾ?” ಎಂದರು. ನನಗೆ ಇದು ಹೊಳೆಯಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು. ಅಪ್ಪ ಆಗಲೇ ಅಕ್ಕನಿಗೆ ಮಾತು ಕೊಟ್ಟು ಬಂದಿದ್ದರು. ಮುಂದಿನ ಶುಕ್ರವಾರದೊಳಗೆ ಧಾರೆ ತೋರಿಸುತ್ತೇನೆ ಎಂದು.

ಮನೆಯ ಕಂಪ್ಯೂಟರಿನಿಂದ ಡಿವಿಡಿಯ ಫೈಲನ್ನು ಪ್ಲೇಯರಿಗೆ ಹಾಕಿದೆವು. ಗುಂಡಿ ಒತ್ತಿದರೆ ಫಾರ್ಮ್ಯಾಟ್ ಸರಿಯಿಲ್ಲ ಎಂಬ ಸಾಲು. ಇನ್ನೊಂದು ಫೈಲು ಹಾಕಿದೆವು, ಅದೇ ಸಾಲು. ಹೆಸರೇ ಎಂಪಿ ಫೋರ್ ಅಲ್ಲವೇ ಎಂದು ಎಲ್ಲಿಂದಲೋ ಒಂದು ಎಂಪಿ ಫೋರ್ ಫೈಲು ತಂದು ಕೊಟ್ಟರೆ ಅದಕ್ಕೂ ಅದೇ ಸಾಲು. ಅಪ್ಪ ಪ್ಲೇಯರನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕಪಾಟಿನಿಂದ ತಮ್ಮ ವರ್ನಿಯರ್ ಕ್ಯಾಲಿಪರ್ ತೆಗೆದು ಪರದೆಯನ್ನು ಅಳೆದರು. ಯಾಕೆ ಅಳೆದರೋ ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಆದರೆ ಎಷ್ಟೋ ತಿಂಗಳ ಮೇಲೆ ಅವರ ಬೆನ್ನು ನೆಟ್ಟಗಾಗಿತ್ತು.

ಡಬ್ಬದ ಮೇಲೆ ಶಿವಾಜಿನಗರದ ಒಂದು ಅಂಗಡಿಯ ಚೀಟಿ ಅಂಟಿಸಿತ್ತು. ಮರುದಿನ ಇಬ್ಬರೂ ಬಸ್ಸಿನಲ್ಲಿ ಹೋದೆವು. ರೇಡಿಯೋ, ಕ್ಯಾಲ್ಕುಲೇಟರು, ಗಡಿಯಾರಗಳ ಮಧ್ಯೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತಿದ್ದವರು ಅನ್ವರ್ ಭಾಯ್. ಅಪ್ಪ ಜಗಳಕ್ಕೆ ಸಿದ್ಧರಾಗಿಯೇ ಹೋಗಿದ್ದರು.

“ನೋಡ್ರೀ, ಸ್ಕ್ರೀನ್ ಅಗಲ ಮೂವತ್ತಾರು ಮಿಲಿಮೀಟರ್, ಎತ್ತರ ಇಪ್ಪತ್ತೆಂಟು. ಗುಂಡಿ ಎಲ್ಲಾ ಸರಿಯಾಗಿದೆ. ಆದ್ರೆ ಕೆಲಸ ಮಾಡ್ತಿಲ್ಲ.”

ಅನ್ವರ್ ಭಾಯ್ ಕ್ಯಾಲಿಪರನ್ನೂ ಅಪ್ಪನನ್ನೂ ಒಮ್ಮೆ ನೋಡಿದರು. “ಸಾಬ್, ಮೊದ್ಲು ಕೂತ್ಕೊಳ್ಳಿ. ಚಾಯ್ ಕುಡೀರಿ. ಸ್ಕ್ರೀನ್ ಅಳತೆ ತಗೊಂಡು ಬಂದ ಗಿರಾಕಿ ನೀವೇ ಪೈಲಾ, ಮೊದ್ಲನೇವ್ರು.”

“ಎಂಪಿ ಫೋರ್ ಪ್ಲೇಯರ್ ಅಂತೀರಿ, ಎಂಪಿ ಫೋರ್ ಹಾಕಿದ್ರೆ ಓಡಲ್ಲ ಅನ್ನುತ್ತೆ!”

“ಅದು ಹೆಸ್ರು ಅಷ್ಟೇ ಸಾಬ್. ಮೈಸೂರ್ ಬೋಂಡಾ ಏನು ಮೈಸೂರಿಂದ ಬರುತ್ತಾ? ಇದು ಓಡ್ಸೋದು ಒಂದೇ ಥರದ್ದು, ಎ.ಎಂ.ವಿ. ಅಂತ. ಬೇರೆ ಏನ್ ಕೊಟ್ರೂ ನಕ್ಕೋ ಅನ್ನುತ್ತೆ. ನಿಮ್ಮ ಡಿವಿಡಿ ಬೇರೆ ಥರ ಕಟ್ಟಿರೋದು. ಅದನ್ನ ಬಿಚ್ಚಿ ಈ ಥರ ಕಟ್ಬೇಕು.”

ಅಪ್ಪನ ಮುಖ ಅರಳಿತು. “ಓಹೋ, ತಿರುಪಿನ ಥ್ರೆಡ್ ಬೇರೆ! ಇಂಚಿನ ಬೋಲ್ಟು, ಮಿಲಿಮೀಟರ್ ನಟ್ಟು. ಎರಡೂ ಸರಿಯಾಗೇ ಇರುತ್ತೆ, ಆದ್ರೆ ಒಂದಕ್ಕೊಂದು ಕೂರಲ್ಲ.”

“ಕ್ಯಾ ಬಾತ್ ಹೈ ಸಾಬ್!” ಎಂದು ಅನ್ವರ್ ಭಾಯ್ ಮೇಜು ಕುಟ್ಟಿದರು. “ನಮ್ ಅಬ್ಬಾ ಲೇತ್ ಕೆಲ್ಸ ಮಾಡ್ತಿದ್ರು. ಇಪ್ಪತ್ತು ಜನಕ್ಕೆ ಇದನ್ನ ಹೇಳಿ ಸಾಕಾಗಿತ್ತು ನಂಗೆ. ಇನ್ಮೇಲೆ ನಿಮ್ ಮಾತೇ ಹೇಳ್ತೀನಿ.”

ಜಗಳಕ್ಕೆ ಹೋದ ಅಪ್ಪ ಎರಡು ಲೋಟ ಚಹಾ ಕುಡಿದು ಬಂದರು.

ಬದಲಾಯಿಸುವ ಸಾಫ್ಟ್‌ವೇರು ಡಬ್ಬದಲ್ಲಿದ್ದ ಒಂದು ಪುಟಾಣಿ ಸಿಡಿಯಲ್ಲಿತ್ತು. ಬರೀ ಧಾರೆಯ ಭಾಗವನ್ನು ಬದಲಾಯಿಸಲು ನಮ್ಮ ಹಳೆಯ ಕಂಪ್ಯೂಟರಿಗೆ ಇಡೀ ಮಧ್ಯಾಹ್ನ ಬೇಕಾಯಿತು. ಅಪ್ಪ ಕುರ್ಚಿ ಹಾಕಿಕೊಂಡು, ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಕೂದಲೆಳೆಯಷ್ಟು ಮುಂದೆ ಸರಿಯುವುದನ್ನು ನೋಡುತ್ತಾ, ಊಟವನ್ನೂ ಅಲ್ಲಿಗೇ ತರಿಸಿಕೊಂಡು ಕಾದರು. ಕೊನೆಗೆ ಪ್ಲೇಯರಿನಲ್ಲಿ ಚಿತ್ರ ಬಂತು! ಆದರೆ ಎಲ್ಲರೂ ಬಿದಿರಿನ ಗಳದ ಹಾಗೆ ಸಣಕಲಾಗಿದ್ದರು. ನೂರು ಕಿಲೋ ತೂಗುವ ನಮ್ಮ ಸೋದರಮಾವ ಊದುಬತ್ತಿಯಂತೆ ಓಡಾಡುತ್ತಿದ್ದರು. ನನಗೆ ನನ್ನ ರೂಪ ಬಹಳ ಹಿಡಿಸಿತು, ಹೀಗೇ ಇರಲಿ ಎಂದೆ. ಇನ್‌ಸ್ಪೆಕ್ಟರು ಒಪ್ಪಲಿಲ್ಲ. “ರಿಜೆಕ್ಟ್” ಎಂದರು.

ಮತ್ತೆ ಶಿವಾಜಿನಗರ. ಈ ಸಲ ಅನ್ವರ್ ಭಾಯ್ ತಮ್ಮ ಅಂಗಡಿಯ ಕಂಪ್ಯೂಟರಿನಲ್ಲೇ ಕೂತರು. ಅಗಲ ಎತ್ತರ ಹೊಂದಿಸಿದರು. ನನ್ನ ಮೈಕಟ್ಟು ಮರಳಿ ಬಂತು, ಸೋದರಮಾವನದೂ ಬಂತು. ಆದರೆ ಕಿವಿಗೆ ಇಯರ್‌ಫೋನ್ ಇಟ್ಟ ಅಪ್ಪನ ಹುಬ್ಬು ಗಂಟಾಯಿತು. ಧ್ವನಿ ಇಲ್ಲ. ವಾಲಗದವರು ಕೆನ್ನೆ ಉಬ್ಬಿಸುತ್ತಿದ್ದಾರೆ, ಪುರೋಹಿತರ ತುಟಿ ಆಡುತ್ತಿದೆ, ಸದ್ದಿಲ್ಲ.

“ಚಿತ್ರ ಒಂದು ಥರ ಕಟ್ಟಿರ್ತಾರೆ ಸಾಬ್, ಆವಾಜ್ ಇನ್ನೊಂದು ಥರ,” ಎಂದರು ಅನ್ವರ್ ಭಾಯ್, ತಪ್ಪು ತಮ್ಮದೇ ಎಂಬಂತೆ. “ಇದಕ್ಕೆ ಚಿತ್ರದ ಗಂಟು ಬಿಚ್ಚೋಕೆ ಬಂತು, ಆವಾಜ್ ಗಂಟು ಬರ್ತಿಲ್ಲ. ಸೋಮವಾರ ತನಕ ಟೈಮ್ ಕೊಡಿ, ಏನಾದ್ರೂ ಮಾಡ್ತೀನಿ.”

“ಇವತ್ತು ಶುಕ್ರವಾರ,” ಎಂದರು ಅಪ್ಪ. “ಅಕ್ಕ ಕಾಯ್ತಿರ್ತಾಳೆ.”

ಸದ್ದಿಲ್ಲದ ಮದುವೆಯನ್ನು ಜೇಬಿನಲ್ಲಿಟ್ಟುಕೊಂಡು ನಾವು ಸಂಜೆ ನಾಲ್ಕಕ್ಕೆ ವಾರ್ಡಿಗೆ ಹೋದೆವು. ಅಲ್ಲಿ ನೋಡಿದರೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಹೊಸ ಅತ್ತೆ! ಬೀಗಿತ್ತಿಯನ್ನು ನೋಡಲು ಕಿತ್ತಳೆಹಣ್ಣಿನ ಚೀಲ ಹಿಡಿದು, ಸೆರಗು ಬಿಗಿಯಾಗಿ ಹೊದ್ದು ಬಂದಿದ್ದರು. ಮದುವೆಯ ದಿನದ ಆ ಮಾತಾದ ಮೇಲೆ ಅಪ್ಪ ಅವರೆದುರು ಸರಿಯಾಗಿ ನಿಂತೇ ಇರಲಿಲ್ಲ. ಈಗ ಅದೇ ಧಾರೆಯನ್ನು, ಅದೂ ಮೂಕ ಧಾರೆಯನ್ನು, ಅವರ ಮುಂದೆಯೇ ತೋರಿಸಬೇಕಿತ್ತು.

“ಅಕ್ಕ, ಬೇಜಾರ್ ಮಾಡ್ಕೋಬೇಡ. ಚಿತ್ರ ಬಂದಿದೆ. ಧ್ವನಿ ಬಂದಿಲ್ಲ” ಎಂದರು ಅಪ್ಪ.

ಪದ್ಮತ್ತೆ ಕೈ ಚಾಚಿದರು. “ಧ್ವನಿ ನನ್ನ ಹತ್ರ ಇದ್ಯಲ್ಲೋ. ಕೊಡಿಲ್ಲಿ.”

ಅವರು ಅದನ್ನು ಮುಖದ ಮೇಲೆ ಒಂದು ಗೇಣು ದೂರದಲ್ಲಿ ಹಿಡಿದುಕೊಂಡರು. ನಾನು ದಿಂಬಿನ ಪಕ್ಕ ತಲೆ ಇಟ್ಟು ಗುಂಡಿ ಒತ್ತಿದೆ. ಅಂತಃಪಟ ಸರಿಯಿತು. ಅಪ್ಪ ಚೊಂಬೆತ್ತಿದರು. ಅಷ್ಟು ಸಣ್ಣ ಪರದೆಯಲ್ಲೂ ಅವರು ತಲೆ ತಗ್ಗಿಸಿರುವುದು ಕಾಣುತ್ತಿತ್ತು. ಪದ್ಮತ್ತೆ ಉಸಿರು ಬಿಗಿಹಿಡಿದು ನೋಡಿದರು. ಅವರ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. “ನಿಲ್ಸೇ ಪುಟ್ಟಿ, ಹಿಂದಕ್ಕೆ ಹೋಗು” ಎಂದರು. ಹಿಂದಕ್ಕೆ ಹೋದೆ. ಅಂತಃಪಟ ಮತ್ತೆ ಸರಿಯಿತು. ಚೊಂಬಿನಿಂದ ನೀರು ಬೀಳುವ ಹೊತ್ತಿಗೆ ಸರಿಯಾಗಿ, ಪದ್ಮತ್ತೆ ಧಾರೆಯ ಹಾಡು ಎತ್ತಿಕೊಂಡರು.

ಮೊದಲ ಸಾಲು ಗೊಗ್ಗರಾಗಿತ್ತು. ಮಲಗಿಯೇ ಇದ್ದು ಗಂಟಲು ಕಟ್ಟಿತ್ತು. ಎರಡನೆಯ ಸಾಲಿಗೆ ತೆರೆದುಕೊಂಡಿತು. ಮೂರನೆಯದಕ್ಕೆ ವಾರ್ಡಿನ ಆರೂ ಮಂಚಗಳಿಗೆ ಕೇಳಿಸುತ್ತಿತ್ತು. ಪಕ್ಕದ ಮಂಚದ ಸರೋಜಮ್ಮ ಜೋಗುಪಾಳ್ಯದವರು, ಮನೆಮಾತು ತಮಿಳು. ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಅವರು ಎದ್ದು ಕೂತು, ಬಲಗೈಯಿಂದ ಪ್ಲಾಸ್ಟರಿನ ಮೇಲೆ ಟಕಟಕ ತಾಳ ಹಾಕತೊಡಗಿದರು. ನರ್ಸು ಓಡಿ ಬಂದು “ಮೆಲ್ಲಗೆ ಅಜ್ಜಿ” ಎಂದಳು. ಪದ್ಮತ್ತೆ ಎರಡು ಸಾಲು ಮೆಲ್ಲಗೆ ಹಾಡಿದರು. ಅಷ್ಟರಲ್ಲಿ ನರ್ಸೂ ಬಾಗಿಲಿಗೆ ಒರಗಿ ನಿಂತಿದ್ದಳು.

ಪರದೆಯ ಮೇಲೆ ಗಂಡಿನ ಕಡೆಯವರು ಬಂದರು. ನಡುವೆ ದೊಡ್ಡ ಜರಿಯಂಚಿನ ಸೀರೆಯಲ್ಲಿ ಹೊಸ ಅತ್ತೆ. ಪದ್ಮತ್ತೆ ಸ್ಟೂಲಿನ ಮೇಲಿದ್ದ ಅವರ ಕಡೆ ಒಮ್ಮೆ ಓರೆಗಣ್ಣು ಹಾಯಿಸಿದರು. ಆ ನೋಟ ನನಗೆ ಗೊತ್ತಿತ್ತು. ಬೇಡ ಎಂದು ನಾನು ಕೈ ಒತ್ತುವಷ್ಟರಲ್ಲಿ ಅವರು ಬೀಗಿತ್ತಿಯ ಗೇಲಿಯ ಹಾಡು ಶುರುಮಾಡಿಬಿಟ್ಟಿದ್ದರು. ಗಂಡಿನ ತಾಯಿ ಊಟಕ್ಕೆ ಕೂತು ಚಿರೋಟಿಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು, ಎದ್ದಾಗ ಅವು ಒಂದೊಂದಾಗಿ ಉದುರುವ ಹಾಡು. ಅಪ್ಪನ ಮುಖ ಬಿಳಚಿಕೊಂಡಿತು. ಇಂದಿಗೆ ನನ್ನ ಸಂಸಾರ ಮುಗಿಯಿತು ಎಂದುಕೊಂಡೆ ನಾನು.

ಹಾಡು ಮುಗಿಯಿತು. ಹೊಸ ಅತ್ತೆ ಕಿತ್ತಳೆಯ ಚೀಲವನ್ನು ನೆಲಕ್ಕಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಗಂಟಲು ಸರಿಮಾಡಿಕೊಂಡು, ನಾನು ಹುಟ್ಟಿದಾಗಿನಿಂದ ಕೇಳಿರದ ಒಂದು ಧಾಟಿಯಲ್ಲಿ ತಿರುಗಿ ಹಾಡಿದರು! ಹೆಣ್ಣಿನ ತಂದೆ ಎಂಥ ಜಿಪುಣನೆಂದರೆ ಧಾರೆಯ ನೀರನ್ನೂ ಚಮಚದಲ್ಲಿ ಅಳೆದು ಎರೆಯುತ್ತಾನೆ ಎಂಬ ಹಾಡು. ಜೀವಮಾನವೆಲ್ಲ ಅಳೆದುಕೊಂಡೇ ಬದುಕಿದ ಅಪ್ಪ ಮೊದಲು ತಬ್ಬಿಬ್ಬಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಪದ್ಮತ್ತೆ ಬಿಡುವರೇ? ಗಂಡಿನ ಸೋದರಮಾವನನ್ನು ಎಳೆದರು. ಹೊಸ ಅತ್ತೆ ಹೆಣ್ಣಿನ ಅಡುಗೆಯನ್ನು ಎಳೆದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಗುವಾಗ ಪದ್ಮತ್ತೆಯ ಕಾಲಿಗೆ ಕಟ್ಟಿದ ತೂಕ ಅಲ್ಲಾಡಿ, “ಅಯ್ಯೋ ನೋವು” ಎನ್ನುತ್ತಲೇ ಮುಂದಿನ ಹಾಡು ಎತ್ತಿಕೊಳ್ಳುತ್ತಿದ್ದರು. “ಎಷ್ಟು ಅಳಗಾ, ಎಷ್ಟು ಚೆಂದ ಇದೆ ಮಾ, ನಿಲ್ಲಿಸ್ಬೇಡಿ” ಎಂದು ಸರೋಜಮ್ಮ ಪ್ಲಾಸ್ಟರ್ ಬಾರಿಸುತ್ತಿದ್ದರು.

ಸುಸ್ತಾಗಿ ನಿಲ್ಲಿಸಿದಾಗ ಹೊಸ ಅತ್ತೆ ಪದ್ಮತ್ತೆಯ ಕೈ ಹಿಡಿದುಕೊಂಡರು.

“ಧಾರೆ ಹೊತ್ನಲ್ಲಿ ನಾನೊಂದು ಮಾತು ಆಡ್ಬಿಟ್ಟೆ ರೀ. ಇವರ ಮನಸ್ಸಿಗೆ ನೋವಾಯ್ತು, ನನಗೆ ಗೊತ್ತು. ನಿಮ್ಮ ಹಾಡಿನ ಸುದ್ದಿ ಕೇಳಿ ಮದುವೆಗೆ ಒಂದು ತಿಂಗಳ ಮುಂಚಿಂದ ಉತ್ತರ ಕಲೀತಿದ್ದೆ. ಅಡುಗೆಮನೇಲಿ, ಬಚ್ಚಲಲ್ಲಿ, ಎಲ್ಲಾ ಕಡೆ. ನೀವು ಬರಲಿಲ್ಲ. ಕಲ್ತಿದ್ದೆಲ್ಲ ಹೊಟ್ಟೇಲೇ ಉಳಿದುಹೋಯ್ತಲ್ಲ ಅಂತ ಸಂಕಟ ನನಗೆ.”

ಅಪ್ಪ ಕಿತ್ತಳೆಹಣ್ಣು ಸುಲಿದು, ಮೊದಲ ತೊಳೆಯನ್ನು ಬೀಗಿತ್ತಿಗೆ ಕೊಟ್ಟರು.

ಸೋಮವಾರ ಅನ್ವರ್ ಭಾಯ್ ಫೋನ್ ಮಾಡಿದರು. ಆವಾಜಿನ ಗಂಟು ಬಿಚ್ಚಿಕೊಂಡಿತ್ತು. ಅಪ್ಪ ಹೋಗಿ ತಂದರು. ಪದ್ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡಿದರು. ಧಾರೆಯ ಸಮಯಕ್ಕೆ ಕ್ಯಾಮೆರಾದವನ ಪಕ್ಕದಲ್ಲೇ ನಿಂತಿದ್ದ ಸೋದರಮಾವ “ಹಪ್ಪಳ ಕರಿಯೋಕೆ ಹೇಳ್ದ್ಯೇನೋ?” ಎಂದು ಕೂಗಿದ್ದು ಮಂತ್ರಕ್ಕಿಂತ ಸ್ಪಷ್ಟವಾಗಿ ಕೇಳಿಸಿತು. ಪದ್ಮತ್ತೆ ಇಯರ್‌ಫೋನ್ ಕಿತ್ತು ಅಪ್ಪನ ಕೈಗೆ ಕೊಟ್ಟರು. “ಮೊದಲ್ನೇದೇ ಹಾಕ್ಕೊಡು. ಇದರಲ್ಲಿ ಬರೀ ಗಲಾಟೆ.” ದಿನಗಟ್ಟಲೆ ಹೋರಾಡಿ ಗೆದ್ದ ಧ್ವನಿಯನ್ನು ಅಪ್ಪ ನಗುನಗುತ್ತಾ ಅಳಿಸಿದರು. ಅನ್ವರ್ ಭಾಯ್‌ಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರಂತೆ. ಅಪ್ಪ ಆಮೇಲೆ ಬಹಳ ದಿನ ವಾರಕ್ಕೆರಡು ಮಧ್ಯಾಹ್ನ ಆ ಅಂಗಡಿಯಲ್ಲಿ ಕೂತು, ಮುನಿಸಿಕೊಂಡು ಬಂದ ಗಿರಾಕಿಗಳಿಗೆ ಥ್ರೆಡ್ಡಿನ ಪಾಠ ಹೇಳಿದರು. ದೋಸೆಗಳು ಪಾರಾದವು.

ನನ್ನ ಪಾಠ ಶುರುವಾದದ್ದು ಆ ಮಂಚದ ಬಳಿ. ದಿನಾ ಸಂಜೆ ಪದ್ಮತ್ತೆ ಮೂಕ ಮದುವೆಯನ್ನು ಓಡಿಸಿ, “ಇಲ್ಲಿ ನಿಲ್ಸು. ಈಗ ಅಕ್ಷತೆ ಬಂತಲ್ಲ, ಇದಕ್ಕೆ ಯಾವ ಹಾಡು?” ಎಂದು ಕೇಳುವರು. ಸದ್ದಿಲ್ಲದ್ದರಿಂದ ಪ್ರತಿ ಕಾರ್ಯಕ್ಕೂ ಅವರ ಹಾಡಿಗೆ ಜಾಗವಿತ್ತು. ನಾನು ಹಾಡುವೆ, ಅವರು ಕಣ್ಣು ಮುಚ್ಚಿಕೊಳ್ಳುವರು, ನೋವು ಕಾಲಿನದೋ ಕಿವಿಯದೋ ತಿಳಿಯುತ್ತಿರಲಿಲ್ಲ. ಅವರು ಊರುಗೋಲು ಹಿಡಿದು ಮನೆಗೆ ನಡೆದು ಬಂದ ದಿನಕ್ಕೆ ನನಗೆ ಇಪ್ಪತ್ತೊಂದು ಹಾಡು ಬರುತ್ತಿದ್ದವು. ರಾಗ ಬರುತ್ತಿತ್ತು ಎಂದು ನಾನು ಹೇಳಲಿಲ್ಲ. ಹಾಗಾಗಿ ಇಷ್ಟು ವರ್ಷ ಅಡುಗೆಮನೆಯ ಆಚೆ ಹಾಡುವ ಧೈರ್ಯ ಮಾಡಿರಲಿಲ್ಲ.

ಮೆಟ್ರೋ ಇಳಿದು ಛತ್ರಕ್ಕೆ ಹೋದೆ. ಸಹೋದ್ಯೋಗಿಯ ಮಗಳ ಮದುವೆ. ಧಾರೆಯ ಹೊತ್ತಿಗೆ ಸ್ಪೀಕರಿನವನು ವೈರು ಸಿಗದೆ ಒದ್ದಾಡುತ್ತಿದ್ದ. ಚೊಂಬಿನಿಂದ ನೀರು ಬೀಳತೊಡಗಿತು. ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ಎದ್ದು ನಿಂತು ಹಾಡಿದೆ. ಜನ ತಿರುಗಿ ನೋಡಿದರು, ಹೆಣ್ಣಿನ ತಾಯಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಧೈರ್ಯ ಬಂದು ಒಂದು ಬೀಗರ ಹಾಡನ್ನೂ ಸೇರಿಸಿಯೇಬಿಟ್ಟೆ. ಆಮೇಲೆ ತಡೆಯಲಾಗದೆ ಅಂಗಳಕ್ಕೆ ಓಡಿ ತವರಿಗೆ ಫೋನ್ ಮಾಡಿದೆ. ಪದ್ಮತ್ತೆಗೆ ಈಗ ಎಂಬತ್ತು ದಾಟಿದೆ. ಕಿವಿ ಮಾತ್ರ ಇನ್ನೂ ಚುರುಕು.

“ಛತ್ರದಲ್ಲಿ ಹಾಡ್ದೆ ಅತ್ತೆ!”

“ಶ್ರುತಿ ಸೇರ್ತಾ?”

“ಇಲ್ಲ.”

“ತಾಳ?”

“ಅದೂ ಅಷ್ಟಕ್ಕಷ್ಟೇ.”

“ಗಂಡಿನ ಕಡೆಯೋರು ಎದ್ದು ಹೋದ್ರಾ?”

“ಇಲ್ಲ ಅತ್ತೆ. ಅವರಲ್ಲಿ ಒಬ್ರು ಅಜ್ಜಿ ತಿರುಗಿ ಹಾಡಿದ್ರು.”

ಆ ಕಡೆಯಿಂದ ನನ್ನ ಕಿವಿ ತೂತಾಗುವಂಥ ದನಿ: “ಮತ್ತೆ ನೀನು ಉತ್ತರ ಕೊಡ್ದೆ ನನಗೆ ಫೋನ್ ಮಾಡ್ತಾ ನಿಂತಿದ್ಯಾ? ಹೋಗೇ ಒಳಗೆ!”

ಫೋನ್ ಕಟ್ ಆಯಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದೆ.